ಒನಕೆ ನಿಲ್ಲಿಸಿ ಡಿಗ್ರಿ ಉಳಿಸಿಕೊಂಡದ್ದು

ಖಗೋಳಶಾಸ್ತ್ರ ಓದುವವರಿಗೆ ಆಕಾಶದಲ್ಲಿ ನಡೆಯುವುದೆಲ್ಲ ಮೊದಲೇ ಗೊತ್ತಾಗುತ್ತದೆ. ನೆಲದ ಮೇಲೆ ನಡೆಯುವುದೇ ಗೊತ್ತಾಗುವುದಿಲ್ಲ. ಗಜೇಂದ್ರಗಡದ ಕಾಳುಕಡಿ ವ್ಯಾಪಾರಿಯ ಮಗಳಾದ ನಾನು ಆ ವಿಷಯ ಹಿಡಿದು ಬಿ.ಎಸ್ಸಿ. ಸೇರಿದಾಗಿನಿಂದ ಇಂಥ ಪ್ರಸಂಗಗಳಿಗೆ ಬರವಿಲ್ಲ. ಮೊದಲ ವರ್ಷವೇ ಅಪ್ಪ ಕರಾರು ಹಾಕಿದ್ದರು: "ಬ್ಯಾಸಿಗಿ ಸೂಟಿ ಮುಗಿಯೂದರಾಗ ನಾಕ ಮಂದಿ ಮುಂದ ನೀ ಹೇಳಿದ್ದೊಂದು ಖರೇ ಆಗಬೇಕು. ಇಲ್ಲಂದ್ರ ಸುಮ್ಮನ ಬಿ.ಕಾಂ. ಸೇರು." ಬಿ.ಕಾಂ. ಎಂದರೆ ಅಪ್ಪನ ಅಂಗಡಿಯ ಲೆಕ್ಕದ ಪುಸ್ತಕವೇ ನನಗೆ ಗತಿ.

೧. ಕೌದಿಯಲ್ಲಿ ಕೂಸು

ಕಾಲೇಜಿನ ದುರ್ಬೀನನ್ನು ಸೂಟಿಗೆಂದು ಕೇಳಿ ಪಡೆದು, ಗಾಜು ಒಡೆದೀತೆಂದು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ನರಗುಂದದಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತವಳೇ ಬೈದಳು: "ಇಂಥಾ ಝಳದಾಗ ಮಾರಿ ಮುಚ್ಚೀಯಲ್ಲ ಯವ್ವಾ, ಕೂಸಿಗೆ ಉಸಿರು ಕಟ್ಟತೈತಿ!" ನಾನು ಬಾಯಿ ತೆರೆಯುವಷ್ಟರಲ್ಲಿ ತಾನೇ ಕೌದಿ ಸರಿಸಿ ನೋಡಿದಳು. ಒಳಗಿನ ದುಂಡನೆಯ ಗಾಜನ್ನೇ ದಿಟ್ಟಿಸಿ, ನನ್ನ ಬೆನ್ನು ಸವರಿ ಹೇಳಿದಳು: "ಇರಲಿ ಬಿಡವಾ, ಒಂದ ಆದ್ರೂ ಕಣ್ಣು ಭಾಳ ದೊಡ್ಡದೈತಿ."

೨. ಶುಕ್ರನ ಉತಾರ

ರಾಜೂರಿನಲ್ಲಿ ಸೋದರಮಾವನ ಹೊಲ. ಸಂಜೆ ಶುಕ್ರ ಗ್ರಹ ತೋರಿಸೋಣವೆಂದು ಅಲ್ಲಿ ಮೂರು ಕಾಲಿನ ಸ್ಟ್ಯಾಂಡು ಊರಿ ದುರ್ಬೀನು ಕೂರಿಸಿದೆ. ಸುತ್ತಲಿನ ಗುಡ್ಡಗಳಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನುಗಳು ಎದ್ದು ಹೊಲದವರಿಗೆ ದುಡ್ಡು ಬಂದ ಮೇಲೆ, ಮೂರು ಕಾಲಿನ ಯಂತ್ರ ಕಂಡರೆ ಸರ್ವೇದವರು ಬಂದರೆಂದೇ ಲೆಕ್ಕ. ಹತ್ತು ನಿಮಿಷದಲ್ಲಿ ರೈತರೊಬ್ಬರು ಹೊಲದ ಉತಾರ, ಅಂದರೆ ಪಹಣಿ ಪತ್ರ, ಹಿಡಿದು ಓಡಿ ಬಂದರು. "ಮ್ಯಾಡಮ್ಮರ, ಫ್ಯಾನು ನಮ್ಮ ಹೊಲದಾಗ ಕುಂದರಸ್ರಿ. ನಮ್ಮಲ್ಲಿ ಗಾಳಿ ಭಾಳ!"

"ನಾ ಶುಕ್ರನ್ನ ನೋಡಾಕ ಬಂದೇನ್ರಿ" ಎಂದು ಅವರಿಗೂ ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ ಕೇಳಿದರು: "ಜಾಗಾ ಚಲೋ ಐತಿ. ಉತಾರ ಯಾರ ಹೆಸರಿಲೆ ಐತ್ರಿ?"

ಇದನ್ನು ಅಪ್ಪನಿಗೆ ಹೇಳಿದರೆ, "ಶುಕ್ರ ನೀ ಹೇಳದಿದ್ರೂ ಕಾಣತಾನ. ಇದನ್ನ ಲೆಕ್ಕಕ್ಕ ಹಿಡಿಯೂದಿಲ್ಲ" ಎಂದುಬಿಟ್ಟರು.

೩. ಒನಕೆ

ಇನ್ನು ಉಳಿದದ್ದು ಒಂದೇ ದಾರಿ. ಮೇ ತಿಂಗಳ ಮೊದಲಲ್ಲಿ ಒಂದು ದಿನ ನಮ್ಮೂರಿನ ನೆತ್ತಿಗೆ ಸೂರ್ಯ ಸರಿಯಾಗಿ ಬರುತ್ತಾನೆ. ಆ ಮಧ್ಯಾಹ್ನ ನೆಟ್ಟಗೆ ನಿಂತದ್ದಕ್ಕೆ ನೆರಳೇ ಬೀಳುವುದಿಲ್ಲ. ದಿನ, ನಿಮಿಷ ಲೆಕ್ಕ ಹಾಕಿ ಅಪ್ಪನಿಗೆ ಬರೆದುಕೊಟ್ಟೆ. ಆ ದಿನ ಅಂಗಳದಲ್ಲಿ ಹಿಟ್ಟು ನಾದುವ ಅಗಲ ಪರಾತವಿಟ್ಟು, ಅದು ಸಮ ಇದೆಯೋ ನೋಡಲು ನೀರು ಹಾಕಿ, ನಡುವೆ ಅಜ್ಜಿಯ ಒನಕೆ ನಿಲ್ಲಿಸಿದೆ.

ನೀರಿನ ಪರಾತದಲ್ಲಿ ಒನಕೆ ನಿಲ್ಲಿಸುವುದು ನಮ್ಮ ಕಡೆ ಗ್ರಹಣ ಹಿಡಿದಾಗ ಎಂಬುದು ನನಗೆ ಹೊಳೆಯಲೇ ಇಲ್ಲ. ಎದುರು ಮನೆಯಾಕೆ ನೋಡಿದಳು. ಅರ್ಧ ಗಂಟೆಯಲ್ಲಿ ಓಣಿಯ ಒಲೆಗಳೆಲ್ಲ ಆರಿದವು, ಕೊಡದ ನೀರು ಚರಂಡಿ ಸೇರಿತು, ರೊಟ್ಟಿ ಬುಟ್ಟಿಗಳಿಗೆ ಗರಿಕೆ ಬಿತ್ತು. ಹಸಿದ ಮಂದಿಯೆಲ್ಲ ನಮ್ಮ ಅಂಗಳಕ್ಕೆ ಬಂದು "ಯಾವಾಗ ಬಿಡತೈತಿ?" ಎನ್ನತೊಡಗಿದರು. ಅಪ್ಪ ಕೇಳಿದ್ದು ನಾಲ್ಕು ಮಂದಿ, ಬಂದದ್ದು ನಲವತ್ತು. ಲೆಕ್ಕ ತಪ್ಪಿದರೆ ಬಿ.ಕಾಂ. ಜೊತೆಗೆ ಬೈಗುಳವೂ ಖಾತ್ರಿ.

ಅಪ್ಪ ಗಡಿಯಾರ ಹಿಡಿದು ನಿಂತರು. ನೆರಳು ಬೆರಳಷ್ಟಾಯಿತು, ಉಗುರಷ್ಟಾಯಿತು, ನಾನು ಬರೆದುಕೊಟ್ಟ ನಿಮಿಷಕ್ಕೆ ಇಲ್ಲವೇ ಇಲ್ಲ! ಕುಣಿದುಬಿಡೋಣ ಎನ್ನುವಷ್ಟು ಖುಷಿ ನನಗೆ. ಅಪ್ಪ ಗಡಿಯಾರ ಜೇಬಿಗಿಳಿಸಿ ಹೇಳಿದರು: "ಗೆದ್ದಿ ಬಿಡವಾ. ಅದನ್ನ ಕಲಿ, ಬೇಕಾದಷ್ಟು ಕಲಿ."

ಅಷ್ಟರಲ್ಲಿ ಎದುರು ಮನೆಯಾಕೆ ಖಾಲಿ ಕೊಡ ಹಿಡಿದು ಮುಂದೆ ಬಂದಳು. "ನಳ ಬರೂದು ಇನ್ನ ನಾಕ ದಿನಕ್ಕ. ಇದ್ದ ನೀರೆಲ್ಲಾ ಚೆಲ್ಲೇವಿ. ಗ್ರಹಣ ಎಲ್ಲೈತಿ?"

ನಿಜ ಹೇಳಲು ಬಾಯಿ ತೆರೆದೆ. ಅಜ್ಜಿ ನನ್ನನ್ನು ಹಿಂದಕ್ಕೆ ತಳ್ಳಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಬರಾಕತ್ತಿತ್ತು. ನನ್ನ ಮೊಮ್ಮಗಳು ಹಾದಿಯಾಗಿಂದನ ತಿರುಗಿಸಿ ಕಳಿಸ್ಯಾಳ. ನಡೀರಿ, ಲಗೂ ಹೋಗಿ ಉಣ್ರಿ!"