ಟ್ರ್ಯಾಂಟರ್ ಸಾಹೇಬನ ಕೊನೆಯ ರೀಲು

ಕಡಕ್ ರೊಟ್ಟಿಗೆ ತಕ್ಕ ಡಬ್ಬಿ ಇಡೀ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಸಿಗುವುದಿಲ್ಲ ಎಂಬುದು ಮಗಳ ಮನೆಗೆಂದು ಇಂಗ್ಲೆಂಡಿಗೆ ಬಂದಿದ್ದ ಬಸವ್ವನ ಎರಡು ತಿಂಗಳ ಕೊರಗು. ಚೌಕದ ಡಬ್ಬಿಗೆ ಹಾಕಿದರೆ ಅಂಚು ಮುರಿಯುತ್ತದೆ, ಪ್ಲಾಸ್ಟಿಕ್ಕಿಗೆ ಹಾಕಿದರೆ ಮೆತ್ತಗಾಗುತ್ತದೆ. ಹೀಗಿರುವಾಗ ಮಂಗಳವಾರ ಸಂಜೆ ಅಳಿಯ ಮುರುಗೇಶ ದುಂಡನೆಯ, ಚಪ್ಪಟೆಯಾದ, ಬಿಗಿ ಮುಚ್ಚಳದ ತಗಡಿನ ಡಬ್ಬಿಯೊಂದನ್ನು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಅಂತೂ ಅಳಿಯನ ಕಿವಿಗೆ ತನ್ನ ಮಾತು ಬಿತ್ತಲ್ಲ ಎಂದು ಬಸವ್ವ ಒಳಗೊಳಗೇ ಹಿಗ್ಗಿದಳು.

ಮುರುಗೇಶನ ತಲೆಯಲ್ಲಿ ರೊಟ್ಟಿ ಇರಲಿಲ್ಲ, ನದಿ ಇತ್ತು. ಅವನು ಬರ್ಮಿಂಗ್‌ಹ್ಯಾಂನ ಒಂದು ಸಣ್ಣ ಸಿನಿಮಾ ಸಂಗ್ರಹಾಲಯದಲ್ಲಿ ಆರು ತಿಂಗಳ ಗುತ್ತಿಗೆಯ ನೌಕರ. ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತಿತ್ತು. ಟ್ರ್ಯಾಂಟರ್ ಎಂಬ ಸೈಕಲ್ ಸೀಟು ತಯಾರಕನೊಬ್ಬ 1927ರಲ್ಲಿ ಅಮೆರಿಕಕ್ಕೆ ಹೋಗಿ, ಆಕಾಶ ಕಾಣದಷ್ಟು ಆಳದ ಕಮರಿಯ ನದಿಯಲ್ಲಿ ದೋಣಿ ಇಳಿಸಿ, ಹೋದ ದಾರಿಯನ್ನೆಲ್ಲ ಸಿನಿಮಾ ತೆಗೆದು ತಂದಿದ್ದ. ಮೂರು ರೀಲು ಸಂಗ್ರಹಾಲಯದಲ್ಲಿದ್ದವು. ಮೂರನೆಯದು, ದೋಣಿ ನೀರು ಬೋರ್ಗರೆದು ಧುಮುಕುವ ಒಂದು ಭಯಂಕರ ಇಳಿಜಾರಿನ ತುದಿಗೆ ಬಂದು ನಿಂತಲ್ಲಿಗೆ ಮುಗಿಯುತ್ತಿತ್ತು.

ಆಮೇಲೇನಾಯಿತು? ಟ್ರ್ಯಾಂಟರ್ ದೋಣಿಯ ಸಮೇತ ಧುಮುಕಿದನೋ, ದೋಣಿಯನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ನಡೆದನೋ? ಕೇಳಿದವರಿಗೆಲ್ಲ "ಸಿನಿಮಾ ನೋಡಿ" ಎಂದಷ್ಟೇ ಹೇಳಿ ಆ ಪುಣ್ಯಾತ್ಮ ಕಣ್ಣು ಮುಚ್ಚಿದ್ದ. ಈಗ ಬರ್ಮಿಂಗ್‌ಹ್ಯಾಂ ಹೊರವಲಯದ ಸೆಲ್ಲಿ ಓಕ್‌ನಲ್ಲಿ ಅವನ ಮೊಮ್ಮಗಳು ಗ್ಯಾರೇಜ್ ಖಾಲಿ ಮಾಡುವಾಗ, "ಕಮರಿ – ಕೊನೆ" ಎಂದು ಚೀಟಿ ಅಂಟಿಸಿದ ಡಬ್ಬಿ ಸಿಕ್ಕಿತ್ತು. ಮುರುಗೇಶ ಅದನ್ನು ಇಸಿದುಕೊಳ್ಳುವ ಹೊತ್ತಿಗೆ ಆಫೀಸು ಮುಚ್ಚಿತ್ತು, ಹಾಗಾಗಿ ಮನೆಗೇ ತಂದಿದ್ದ. ಸಂಗ್ರಹಾಲಯದ ನಿರ್ದೇಶಕಿ ಫಿಯೋನಾ ಮೊದಲೇ ಹೇಳಿದ್ದಳು: ಶನಿವಾರದ ಪ್ರದರ್ಶನಕ್ಕೆ ಇದೇ ಮುಖ್ಯ, ಅದು ಗೆದ್ದರೆ ನಿಮ್ಮ ಕೆಲಸ ಕಾಯಂ. ತೆರೆದು ನೋಡಲು ಅವನ ಕೈ ಎಷ್ಟು ತುರಿಸಿದರೂ, ಕೈಗವಸಿಲ್ಲದೆ ಮುಟ್ಟಬಾರದೆಂಬ ನಿಯಮ ನೆನೆದು ಸುಮ್ಮನೆ ಮಲಗಿದ.

ಬುಧವಾರ ಬೆಳಿಗ್ಗೆ ಡಬ್ಬಿ ಎತ್ತಿಕೊಂಡಾಗ ಯಾಕೋ ಹಗುರ ಎನಿಸಿತು. ಹಳೇ ಸರಕು, ಒಣಗಿರಬೇಕು ಎಂದುಕೊಂಡು ರೈಲು ಹತ್ತಿದ.

ಆಫೀಸಿನಲ್ಲಿ ಫಿಯೋನಾಳ ಜೊತೆ ಲೀಡ್ಸ್‌ನಿಂದ ಬಂದ ಪಿಕರ್ಸ್‌ಗಿಲ್ ಕಾಯುತ್ತಿದ್ದ. ಎಂಬತ್ತು ದಾಟಿದ ಈ ಮುದುಕ ಒಂದು ದೋಣಿ ಸಂಘದ ಅಧ್ಯಕ್ಷ. ಟ್ರ್ಯಾಂಟರ್ ಧುಮುಕಿದ್ದು ನಿಜ ಎಂದು ನಲವತ್ತು ವರ್ಷದಿಂದ ವಾದಿಸುತ್ತ ಅರ್ಧ ಸಂಘದವರ ಜೊತೆ ಮಾತು ಬಿಟ್ಟಿದ್ದವನು.

ಫಿಯೋನಾ ಬಿಳಿ ಕೈಗವಸು ತೊಟ್ಟು, ಉಸಿರು ಬಿಗಿಹಿಡಿದು ಮುಚ್ಚಳ ತೆಗೆದಳು. ಒಳಗೆ ತೆಳ್ಳನೆಯ, ದುಂಡನೆಯ, ಅಲ್ಲಲ್ಲಿ ಕಂದು ಚುಕ್ಕೆಯ ಬಿಲ್ಲೆಗಳು ಒಂದರ ಮೇಲೊಂದು ಒಪ್ಪವಾಗಿ ಕೂತಿದ್ದವು.

"ಅಯ್ಯೋ ದೇವರೇ, ಪೂರ್ತಿ ಕೊಳೆತುಹೋಗಿದೆ!" ಎಂದಳು.

ಪಿಕರ್ಸ್‌ಗಿಲ್ ಬಗ್ಗಿ ಮೂಸಿದ. "ಸಿನಿಮಾ ಕೊಳೆತರೆ ವಿನೆಗರ್ ವಾಸನೆ ಬರುತ್ತೆ. ಇದು ಎಳ್ಳಿನ ವಾಸನೆ" ಎಂದು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. "ಪರವಾಗಿಲ್ಲ, ಚೆನ್ನಾಗಿದೆ."

ಮುರುಗೇಶನಿಗೆ ಅತ್ತೆಯ ರೊಟ್ಟಿಯ ಗುರುತು ಸಿಕ್ಕಿತು. ಹೊರಗೋಡಿ ಮನೆಗೆ ಫೋನ್ ಮಾಡಿದ.

"ಅತ್ತೀ, ಡಬ್ಬ್ಯಾಗ ಇದ್ದದ್ದು ಎಲ್ಲಿ ಹಾಕೀರಿ?"

"ಆ ಕರೀ ಪಟ್ಟೀನಾ? ಬಾಜೂ ಮನಿ ಲೀಲಾವತಿ ಮುಂಜಾನೆ ಬಂದಿದ್ಲು. ಆಕಿ ಮೆಂತೆ ಸೊಪ್ಪೆಲ್ಲಾ ಪಾರಿವಾಳ ತಿಂದು ಹಾಕ್ಯಾವಂತ. ನಮ್ಮ ಹೊಲದಾಗ ಜೋಳಕ್ಕ ಹಕ್ಕಿ ಬಂದ್ರ ಕ್ಯಾಸೆಟ್ಟಿನ ರೀಲು ಕಟ್ತಿದ್ವೆಲ್ಲ, ಗಾಳಿಗೆ ಭರ್ರ್ ಅಂತದ, ಒಂದ್ ಹಕ್ಕಿ ಹಾಯೂದಿಲ್ಲ. ಅದಕ್ಕ ಕೊಟ್ಟು ಕಳಿಸಿದೆ. ಡಬ್ಬಿ ಛಲೋ ಐತ್ರಿ ಅಳಿಯಂದಿರ, ರೊಟ್ಟಿಗೆ ಅಳತಿ ಕೊಟ್ಟು ಮಾಡಿಸಿದಂಗ."

"ನಿಮ್ಮಿಂದ ನನ್ನ ನೌಕರಿ ಹೋತು! ನೀವು ಬಂದಾಗಿಂದ ಈ ಮನ್ಯಾಗ ಒಂದು ಸಾಮಾನು ಇದ್ದಲ್ಲೆ ಇಲ್ಲ!"

ಬಸವ್ವ "ಆತು ಬಿಡ್ರಿ" ಎಂದು ಫೋನ್ ಇಟ್ಟಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮುರುಗೇಶ ಸಿಟ್ಟಿನ ಭರದಲ್ಲಿ, ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಹೆಂಡತಿ ಶಿವಗಂಗಾಳಿಗೆ ಮೆಸೇಜನ್ನೂ ಒತ್ತಿದ: ನಿಮ್ಮವ್ವ ಊರಿಗೆ ಮರಳುವ ಟಿಕೆಟ್ ಇದೇ ವಾರಕ್ಕೆ ಬದಲಾಯಿಸು.

ಮರಳಿ ರೈಲು ಹಿಡಿದು, ಊರಾಚೆ ಕೌನ್ಸಿಲ್ಲಿನವರು ಬಾಡಿಗೆಗೆ ಕೊಡುವ ತೋಟಕ್ಕೆ ಏದುಸಿರು ಬಿಡುತ್ತ ಬಂದ. ಪಕ್ಕದ ಮನೆಯ ಮೈಸೂರಿನ ಲೀಲಾವತಿ ಅಲ್ಲಿ ಒಂದು ತುಂಡು ನೆಲ ಹಿಡಿದು ಸೊಪ್ಪು ಬೆಳೆಯುತ್ತಿದ್ದಳು. ಮೆಂತೆ ಮಡಿಯ ಸುತ್ತ ಬಿದಿರು ಕಡ್ಡಿ ನೆಟ್ಟು, ಸಿನಿಮಾವನ್ನು ನಾಲ್ಕು ಸುತ್ತು ಬಿಗಿದಾಗಿತ್ತು. ಅದರ ಮೇಲೆ ಒಂದು ದಪ್ಪ ಪಾರಿವಾಳ ಉಯ್ಯಾಲೆಯಾಡುತ್ತ ಕೂತಿತ್ತು. ಲೀಲಾವತಿಯ ಗಂಡ, ರಿಟೈರ್ಡ್ ಎಂಜಿನಿಯರ್ ಶ್ರೀರಂಗ, ಭೂತಗನ್ನಡಿ ಹಿಡಿದು ಪಟ್ಟಿಯನ್ನು ಬಿಸಿಲಿಗೊಡ್ಡಿ ನೋಡುತ್ತಿದ್ದ.

"ಲೀಲಾ, ಬಂಡೆ ಕಣೆ! ದೋಣಿನೂ ಇದೆ! ಮುಂದೇನಾಯ್ತು ನೋಡ್ತೀನಿ ಇರು."

"ಮುಟ್ಟಬೇಡಿ ಅಂಕಲ್!" ಮುರುಗೇಶ ಕೂಗಿದ.

"ಇರಪ್ಪಾ, ಈಗ ತಾನೇ ಇಂಟರೆಸ್ಟಿಂಗ್ ಆಗ್ತಿದೆ."

"ಬಸವ್ವನವರು ಹಕ್ಕಿ ಬರಲ್ಲ ಅಂದ್ರಲ್ಲ, ಇದು ನೋಡಿದ್ರೆ ಮೇಲೇ ಕೂತಿದೆ" ಎಂದು ಲೀಲಾವತಿ ಗೊಣಗಿದಳು. "ಇಲ್ಲಿನ ಪಾರಿವಾಳಕ್ಕೆ ಭಯಭಕ್ತಿ ಒಂದೂ ಇಲ್ಲ."

ಮೂವರೂ ಸೇರಿ ಸುತ್ತತೊಡಗಿದರು. ಬಲಕ್ಕೆ ಸುತ್ತಬೇಕೆಂದು ಶ್ರೀರಂಗ, ಎಡಕ್ಕೆಂದು ಲೀಲಾವತಿ. ಆ ಜಗಳದ ನಡುವೆ ಅರ್ಧ ಗಂಟೆ ಕಳೆಯಿತು. ಪಟ್ಟಿಗೆ ಮಣ್ಣು ಮೆತ್ತಿತ್ತು, ಆದರೆ ಎಲ್ಲೂ ಹರಿದಿರಲಿಲ್ಲ. ಮುರುಗೇಶ ಲೀಲಾವತಿ ಅನ್ನ ತಂದಿದ್ದ ಕುಕ್ಕರನ್ನು ಒರೆಸಿ, ಅದರಲ್ಲಿ ರೀಲನ್ನಿಟ್ಟು ಮುಚ್ಚಿ, ಎದೆಗವಚಿಕೊಂಡು ಮತ್ತೆ ಬರ್ಮಿಂಗ್‌ಹ್ಯಾಂಗೆ ಓಡಿದ.

ಮೂರು ಗಂಟೆ ಕೂತು ಒರೆಸಿ, ತೊಳೆದು, ಸ್ಕ್ಯಾನರಿಗೆ ಏರಿಸಿದರು. ನಡೆದದ್ದನ್ನೆಲ್ಲ ಕೇಳಿ ಫಿಯೋನಾ ಒಂದೇ ಮಾತು ಹೇಳಿದಳು: "ಒಳಗೆ ಆ ಇಳಿಜಾರು ಇದ್ದರೆ ಎಲ್ಲ ಮಾಫಿ." ಪಿಕರ್ಸ್‌ಗಿಲ್ ಅಷ್ಟರಲ್ಲಿ ಆರು ರೊಟ್ಟಿ ಮುಗಿಸಿದ್ದ.

ಪರದೆಯ ಮೇಲೆ ಬೆಳಕು ಮೂಡಿತು. ಮುಗಿಲೆತ್ತರದ ಬಂಡೆಗಳು. ಶಾಂತವಾದ ನೀರು. ದಂಡೆಯಲ್ಲಿ ಒಂದು ದೋಣಿ, ಕೆಸರು ಮೆತ್ತಿದ ಟ್ರ್ಯಾಂಟರ್ ನಗುತ್ತ ಕೈ ಬೀಸುತ್ತಿದ್ದಾನೆ. "ದಾಟಿ ಆಗಿದೆ! ಹೇಗೆ ದಾಟಿದ? ತೋರಿಸೋ ಮಾರಾಯ!" ಎಂದು ಮುದುಕ ಕುರ್ಚಿಯ ತುದಿಗೆ ಬಂದ. ಮುರುಗೇಶನೂ ನೌಕರಿಯನ್ನು ಮರೆತು ಬಾಯಿ ತೆರೆದು ನೋಡುತ್ತಿದ್ದ.

ಚಿತ್ರ ಒಮ್ಮೆ ಕುಣಿಯಿತು. ಕಮರಿ ಮಾಯವಾಗಿ, ಬರ್ಮಿಂಗ್‌ಹ್ಯಾಂನ ಒಂದು ಮನೆಯ ಹಿತ್ತಲು ಬಂತು. ಊರಿಗೆ ಮರಳಿದ ಟ್ರ್ಯಾಂಟರ್ ಉಳಿದ ರೀಲಿನಲ್ಲಿ ಮನೆಮಂದಿಯನ್ನು ಹಿಡಿದಿದ್ದ. ದಪ್ಪನೆಯ ಮುದುಕಿಯೊಬ್ಬಳು ಬಟಾಣಿ ಬಳ್ಳಿಗೆ ಕೋಲು ನೆಡುತ್ತಿದ್ದಳು. ನಡುವೆ ಬರಹ ಮೂಡಿತು: "ನನ್ನ ಅತ್ತೆ, ಹಕ್ಕಿ ಓಡಿಸುತ್ತಿರುವುದು."

ಮುದುಕಿ ಕಾಲಬಳಿಯ ದುಂಡು ಡಬ್ಬಿಯಿಂದ ಹೊಳೆಯುವ ಕಪ್ಪು ಪಟ್ಟಿಯನ್ನು ಮಾರುಗಟ್ಟಲೆ ಎಳೆದೆಳೆದು, ಕೋಲಿನಿಂದ ಕೋಲಿಗೆ ಬಿಗಿದಳು. ಡಬ್ಬಿಯ ಮೇಲಿನ ಚೀಟಿ ಸ್ಪಷ್ಟವಾಗಿ ಕಂಡಿತು: "ಕಮರಿ – ಇಳಿಜಾರು." ಟ್ರ್ಯಾಂಟರ್ ಕ್ಯಾಮೆರಾ ಬಿಟ್ಟು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಓಡಿ ಬಂದಲ್ಲಿಗೆ ಸಿನಿಮಾ ಮುಗಿಯಿತು.

ಮುರುಗೇಶ ಮನಸ್ಸಿನಲ್ಲೇ ಮೇಜು ಖಾಲಿ ಮಾಡತೊಡಗಿದ. ಆಗ ಫಿಯೋನಾ ನಗಲು ಶುರುಮಾಡಿದವಳು ಕಣ್ಣೀರು ಬರುವವರೆಗೂ ನಕ್ಕಳು.

"ಮುರುಗೇಶ್, ಇಳಿಜಾರಿಗಿಂತ ಇದೇ ಚೆನ್ನಾಗಿದೆ! ನೂರು ವರ್ಷ, ಎರಡು ದೇಶ, ಇಬ್ಬರು ಅತ್ತೆಯರು, ಒಂದೇ ಉಪಾಯ! ಶನಿವಾರ ನಿಮ್ಮ ಅತ್ತೆ ವೇದಿಕೆಗೆ ಬಂದು ಪಟ್ಟಿ ಕಟ್ಟಿ ತೋರಿಸಬೇಕು. ಅವರು ಬಂದರೆ ಆವತ್ತೇ ನಿಮ್ಮ ಕಾಯಂ ಪತ್ರಕ್ಕೆ ಸಹಿ."

"ರೊಟ್ಟಿನೂ ತರಲಿ" ಎಂದ ಪಿಕರ್ಸ್‌ಗಿಲ್.

ಮುರುಗೇಶ ಮನೆಗೆ ಹಾರಿಯೇ ಬಂದ. ಬಸವ್ವ ಮುಖ ಕೊಡದೆ ಬಟ್ಟೆ ಮಡಿಸುತ್ತಿದ್ದಳು. ಅವನು ಕಾಲಿಗೆ ಬೀಳುವುದೊಂದು ಬಾಕಿ. ತಪ್ಪಾಯಿತೆಂದು ಹತ್ತು ಸಲ ಹೇಳಿ, ಸಿನಿಮಾದ ಕತೆಯನ್ನೆಲ್ಲ ಬಿಡಿಸಿ ಹೇಳಿದ. ಕೇಳುತ್ತ ಕೇಳುತ್ತ ಅವಳ ಸಿಟ್ಟು ಇಳಿದು ನಗು ಬಂತು.

"ಆ ಮುದುಕಿ ಶಾಣ್ಯಾಕಿ ಬಿಡ್ರಿ. ಅಲ್ರಿ, ಮತ್ತ ಆ ಸಾಹೇಬ ಹಾರಿದ್ನೋ, ನಡಕೋತ ಹೋದ್ನೋ?"

"ಅದು ಆ ಹಕ್ಕಿಗಳಿಗಷ್ಟ ಗೊತ್ತ್ರಿ. ಶನಿವಾರ ಬರ್ತೀರಲ್ಲ ಅತ್ತೀ?"

"ಬರಾಕ ನನಗೇನ್ರಿ, ಖುಷಿಲೇ ಬರ್ತಿದ್ದೆ" ಎಂದು ಬಸವ್ವ ಮಹಡಿಯ ಮೆಟ್ಟಿಲ ಕಡೆ ನೋಡಿದಳು.

ಶಿವಗಂಗಾ ಮಹಡಿಯಿಂದ ಅವ್ವನ ಸೂಟ್‌ಕೇಸ್ ಇಳಿಸುತ್ತ ಬಂದಳು. "ನೀವ ಮೆಸೇಜ್ ಮಾಡಿದ್ರೆಲ್ಲರೀ. ಡ್ಯೂಟಿ ನಡುವ ಒಂದ್ ತಾಸು ಫೋನ್ ಹಿಡದು ಬದಲ್ ಮಾಡ್ಸೀನಿ. ಶುಕ್ರವಾರ ಮುಂಜಾನೆ ಫ್ಲೈಟ್. ಇನ್ನ ಬದಲ್ ಮಾಡಾಕ ಬರೂದಿಲ್ಲಂತ."

ಮುರುಗೇಶ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತ. ಬಸವ್ವ ಒಳಗೆ ಹೋಗಿ ರೊಟ್ಟಿ ತಂದಿಟ್ಟಳು. "ಉಣ್ರಿ. ಅಂದಂಗ, ಆ ಡಬ್ಬಿ ತಂದೀರೇನು? ಊರಿಗೆ ಒಯ್ತೀನಿ."