ಮಲ್ಲಿಗೆಗೆ ನೈಟ್ ಶಿಫ್ಟ್

ಮಲ್ಲಿಗೆ ಗಿಡ ಮಲಗಿದ್ದಾಗ ಗಟ್ಟಿಯಾಗಿ ಸೀನಿದ್ದಕ್ಕೆ ಬೈಸಿಕೊಂಡ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಿಲ್ಲವೆಂದರೆ ನನ್ನನ್ನು ನೋಡಿ! ಬೈದವರು ನಮ್ಮ ಅಕ್ಕನ ಗಂಡ, ಅಂದರೆ ನನ್ನ ಭಾವ. ಅವರ ತಲೆ ಕೆಟ್ಟಿಲ್ಲ. ಕೆಟ್ಟಿರುವುದು ನನ್ನದು, ಅದೂ ಈ ಬೇಸಿಗೆಯಿಂದ ಈಚೆಗೆ.

ಭಾವ ಕುರೆಕುಪ್ಪದವರು. ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಡ್ಯೂಟಿ, ಅದರಲ್ಲೂ ಹೆಚ್ಚುಪಾಲು ನೈಟ್ ಶಿಫ್ಟ್ ಮಾಡಿ ಹೋದ ವರ್ಷ ನಿವೃತ್ತರಾದರು. ನಿವೃತ್ತರಾದವರು ಸುಮ್ಮನೆ ಕೂರಬೇಕೋ ಬೇಡವೋ? ಅಂಗಳದ ತುಂಬ ಹೂವಿನ ಕುಂಡ ಜೋಡಿಸಿದರು. ಬೇಸಿಗೆ ಬಂತು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಕಲ್ಲಿಗೂ ಬೆವರು ಬರಿಸುತ್ತದೆ! ಭಾವ ಹಸಿರು ನೆರಳುಬಲೆ ಕಟ್ಟಿಸಿದರು. ಬಲೆ ಚಿಕ್ಕದು, ಕುಂಡಗಳು ವಿಪರೀತ. ಬೇರೆ ಯಾರಾದರೂ ಇನ್ನೊಂದು ಬಲೆ ತರುತ್ತಿದ್ದರು. ಭಾವ ಗಿಡಗಳಿಗೆ ಶಿಫ್ಟ್ ಹಾಕಿದರು!

ಬೆಳಿಗ್ಗೆ ಅರಳುವ ದಾಸವಾಳ ಎ ಶಿಫ್ಟ್. ಸಂಜೆಮಲ್ಲಿಗೆ ಬಿ ಶಿಫ್ಟ್. ರಾತ್ರಿ ಘಮಘಮಿಸುವ ಮಲ್ಲಿಗೆ, ರಾತ್ರಿರಾಣಿ ಸಿ ಶಿಫ್ಟ್, ಅಂದರೆ ನೈಟ್. ಹೊತ್ತೇರಿದ ಮೇಲೆ ಆರಾಮಾಗಿ ಕಣ್ಣು ಬಿಡುವ ಹತ್ತು ಗಂಟೆ ಹೂವು ಜನರಲ್ ಶಿಫ್ಟ್, ಆಫೀಸರ್ ಜಾತಿ. ಡ್ಯೂಟಿ ಇದ್ದವರು ಬಯಲಲ್ಲಿ, ಮುಗಿಸಿದವರು ಬಲೆಯಡಿ. ಒಳಗೆ ಹೋಗುವ ಮುಂಚೆ ಎಲ್ಲರಿಗೂ ಸ್ನಾನ ಕಡ್ಡಾಯ. ಅದಿರಿನ ಕೆಂಪು ಧೂಳು ಕೂತು ಕೂತು, ಅಲ್ಲಿ ಹೂವಿನ ಬಣ್ಣ ಯಾವುದೆಂದು ತಿಳಿಯಬೇಕಾದರೆ ಮೊದಲು ತೊಳೆಯಲೇಬೇಕು.

ಗೇಟಿನ ಬಳಿ ಕಾಗದದ ಹೂವಿನ ಗಿಡವೊಂದು ಸುಡುಬಿಸಿಲಲ್ಲಿ ಮೈತುಂಬ ಹೂ ಬಿಟ್ಟು ನಿಂತಿತ್ತು. "ಇದು ಯಾವ ಶಿಫ್ಟ್‌ರೀ?" ಎಂದೆ.

"ಅದು ಕಾಂಟ್ರಾಕ್ಟ್ ಲೇಬರ್. ಅದಕ್ಕ ನೆರಳೂ ಇಲ್ಲ, ರಜಾನೂ ಇಲ್ಲ, ನೀರೂ ಅಷ್ಟಕ್ಕಷ್ಟ. ನೋಡು, ಎಲ್ಲಾರಕಿಂತ ಜಾಸ್ತಿ ಅದೇ ದುಡೀತೈತಿ!"

ನಾನು ಸೀನಿದ್ದು ಆಗಲೇ. ಭಾವ ಹೌಹಾರಿ ಬಲೆಯ ಕಡೆ ಕೈ ತೋರಿಸಿದರು. "ಮೆಲ್ಲಕಲೇ! ಸಿ ಶಿಫ್ಟಿನವ್ರು ಮಲಗ್ಯಾರ. ರಾತ್ರಿಯೆಲ್ಲಾ ದುಡಿದವರಿಗೆ ಹಗಲು ನಿದ್ದಿ ಬ್ಯಾಡೇನು?"

ಅಕ್ಕ ಅಡುಗೆಮನೆಯಿಂದಲೇ ಗೊಣಗಿದಳು: "ಮೂವತ್ತು ವರ್ಷ ಇವರ ನಿದ್ದಿ ಕಾಯ್ದೆ. ಈಗ ಇವರ ಮಲ್ಲಿಗಿ ನಿದ್ದಿ ಕಾಯಾಕತ್ತೀನಿ!"

ಅಕ್ಕನಿಗೆ ಸಿಟ್ಟು ಬರಲು ಕಾರಣವಿತ್ತು. ಇವರ ಒಬ್ಬಳೇ ಮಗಳನ್ನು ಮೆಟ್ರಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಅವಳೀಗ ಚೊಚ್ಚಲ ಬಸುರಿ. ಮೇ ತಿಂಗಳ ಕೊನೆಗೆ ತವರಿನಲ್ಲಿ ಕುಬಸ, ಅಂದರೆ ಸೀಮಂತ. ಅವಳ ಮೊಗ್ಗಿನ ಜಡೆಗೆ ತಮ್ಮ ಅಂಗಳದ ಮಲ್ಲಿಗೆಯೇ ಆಗಬೇಕೆಂದು ಭಾವನ ಹಟ. "ಅಕಿ ಸಾಲಿ ಗ್ಯಾದರಿಂಗಿಗೆ ನಾ ಹೋಗಲಿಲ್ಲ. ಅಕಿ ಮದುವ್ಯಾಗೂ ತೂಕಡಿಸಿದೆ. ಇದೊಂದರ ನನ್ನ ಕೈಲೆ ಆಗಲಿ. ಪ್ಯಾಟಿ ಹೂ ಬ್ಯಾಡ," ಎಂದಿದ್ದರು. ಊರ ಮಲ್ಲಿಗೆಯೆಲ್ಲ ಮೊಗ್ಗು ಸುರಿಸುತ್ತಿದ್ದರೂ ಭಾವನ ಸಾಲುಸಾಲು ಕುಂಡಗಳಲ್ಲಿ ಬರೀ ಎಲೆ! ಒಂದು ಮೊಗ್ಗಿಗೂ ಗತಿಯಿಲ್ಲ.

ಇಂಥ ಹೊತ್ತಿನಲ್ಲೇ ಭಾವನಿಗೆ ಬಳ್ಳಾರಿಯಲ್ಲಿ ಕಣ್ಣಿನ ಪೊರೆಯ ಆಪರೇಶನ್ ಆಯಿತು. ಧೂಳಿಗೆ ಹೋಗಬೇಡಿ ಎಂದರು ಡಾಕ್ಟರು. ಕುರೆಕುಪ್ಪದಲ್ಲಿ ಧೂಳಿಗೆ ಹೋಗಬೇಕಿಲ್ಲ, ಅದೇ ಬರುತ್ತದೆ! ಹೀಗಾಗಿ ಭಾವ ಕಂಪ್ಲಿಯ ಅಣ್ಣನ ಮನೆ ಸೇರಿದರು. ಹೊಸಪೇಟೆಯಲ್ಲಿ ಮೇಷ್ಟ್ರಾಗಿದ್ದು ಬೇಸಿಗೆ ರಜೆಯಲ್ಲಿದ್ದ ನಾನು ಶಿಫ್ಟ್ ಇನ್‌ಚಾರ್ಜ್ ಆದೆ.

ಮೊದಲ ಬೆಳಿಗ್ಗೆಯೇ ನನ್ನ ಬುದ್ಧಿ ನಿಂತುಹೋಯಿತು. ಬೆಳಗಾಯಿತು ಅಂದರೆ ಸಿ ಶಿಫ್ಟ್ ಮುಗಿಯಿತೋ, ಶುರುವಾಯಿತೋ? ದಾಸವಾಳ ಒಳಗಿರಬೇಕೋ, ಹೊರಗೋ? ಜನ್ಮದಲ್ಲಿ ಒಂದು ರಾತ್ರಿಯೂ ದುಡಿಯದ ಮೇಷ್ಟ್ರಿಗೆ ಇದೆಲ್ಲ ಹೇಗೆ ತಿಳಿಯಬೇಕು? ಅಕ್ಕನನ್ನು ಕೇಳಿದರೆ "ಹಾಳು ಬಾವ್ಯಾಗ ಇಡು" ಎಂದಳು. ತೋಚಿದಂತೆ ಇಟ್ಟೆ. ಹಾಗೇ ರೂಢಿಯಾಯಿತು.

ಭಾವನ ಫೋನಂತೂ ತಪ್ಪುತ್ತಿರಲಿಲ್ಲ. ಒಮ್ಮೆ ತೋರಣಗಲ್ಲಿನ ಬಸ್ಸಿನಲ್ಲಿ ಕೂತಿದ್ದಾಗಲೇ ಬಂತು.

"ಮಾಸ್ತರ, ರಾತ್ರಿರಾಣಿ ಏನ್ ಮಾಡಾಕತ್ತಾಳ?"

"ಮಲಗ್ಯಾಳ್ರಿ," ಎಂದೆ, ಅವರಿಗೆ ಬೇಕಾದ ಉತ್ತರ ಅದೇ ಇರಬೇಕೆಂಬ ಅಂದಾಜಿನ ಮೇಲೆ.

"ಮೈ ತೊಳೆದೇನು?"

"ಮುಂಜಾನೆ ನಾನೇ ತೊಳದೀನ್ರಿ."

ಪಕ್ಕದಲ್ಲಿದ್ದ ಮುದುಕಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಗಂಟು ಎತ್ತಿಕೊಂಡು ಕಂಡಕ್ಟರ್ ಹತ್ತಿರ ಹೋಗಿ ಕೂತಳು.

ಮೇ ನಡುವೆ ಒಂದು ಬೆಳಿಗ್ಗೆ ಎಲೆ ತೊಳೆಯುವಾಗ ಬೆರಳಿಗೆ ಏನೋ ತಾಕಿತು. ಮೊಗ್ಗು! ಒಂದಲ್ಲ, ಗೊಂಚಲು ಗೊಂಚಲು! ಅಕ್ಕ ಓಡಿ ಬಂದಳು. ಅವಳಿಗೆ ಖುಷಿ, ನನಗೆ ದಿಗಿಲು. ನಾನು ಏನು ಮಾಡಿದೆ? ಲೆಕ್ಕ ಹಾಕಿ ನೋಡಿದೆ. ಮಲ್ಲಿಗೆಯನ್ನು ಹಗಲೆಲ್ಲ ಬಿಸಿಲಲ್ಲಿಟ್ಟು, ರಾತ್ರಿಯೆಲ್ಲ ಬಲೆಯಡಿ ಮಲಗಿಸಿದ್ದೆ. ಪೂರಾ ಉಲ್ಟಾ!

ಕುಬಸಕ್ಕೆ ಮುನ್ನ ಭಾವ ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದರು. ನಟ್ಟನಡು ಮಧ್ಯಾಹ್ನ. ಮಲ್ಲಿಗೆ ರಣಬಿಸಿಲಲ್ಲಿ ಮೊಗ್ಗು ಹೊತ್ತು ನಿಂತಿತ್ತು.

"ಶಿಫ್ಟ್ ತಪ್ಪೇತ್ರಿ ಭಾವ," ಎಂದೆ. ಬೈಗುಳಕ್ಕೆ ತಲೆ ಬಗ್ಗಿಸಿಯೂ ಆಗಿತ್ತು.

ಭಾವ ಬೈಯಲಿಲ್ಲ. ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ಮೊಗ್ಗುಗಳನ್ನು ಮುಟ್ಟಿ ಮುಟ್ಟಿ ನೋಡಿದರು.

"ರಾತ್ರಿ ದುಡೀತೈತಲ್ಲ, ನನ್ನಂಗ ಅಂತ ತಿಳಿದಿದ್ದೆ. ಹಂಗಾರ ಇದಕ್ಕೂ ಹಗಲು ಬೇಕಿತ್ತು," ಎಂದರು. ಎಲೆಯ ಮೇಲಿನ ಧೂಳು ಒರೆಸುತ್ತ, "ನನಗೂ ಬೇಕಿತ್ತೋ ಮಾಸ್ತರ," ಎಂದರು.

ಇಡೀ ಬೇಸಿಗೆ ಗೊಂದಲದಲ್ಲೇ ಇದ್ದವನಿಗೆ ಆ ಗಳಿಗೆ ಮಾತ್ರ ಎಲ್ಲ ಅರ್ಥವಾಗಿ, ಅರ್ಥವಾದದ್ದಕ್ಕೇ ಸಂಕಟವಾಯಿತು.

ಕುಬಸದ ದಿನ ಮೊಗ್ಗುಗಳನ್ನು ಭಾವನೇ ಬಿಡಿಸಿದರು. ಜಡೆ ಮುಕ್ಕಾಲು ತುಂಬಿತು. ಉಳಿದದ್ದಕ್ಕೆ ಅಕ್ಕ ಕನಕಾಂಬರ ಸೇರಿಸಿದಳು. ಊಟವಾದ ಮೇಲೆ ಎಲ್ಲರೂ "ಆಪರೇಶನ್ ಆದ ಕಣ್ಣು, ಒಳಗ ಹೋಗಿ ಮಲಕ್ಕೋರಿ" ಎಂದರೂ ಭಾವ ಜಗ್ಗಲಿಲ್ಲ, ಕುರ್ಚಿ ಬಿಟ್ಟು ಏಳಲಿಲ್ಲ. ಹೆಂಗಸರು ಹುಡುಗಿಯನ್ನು ಸುತ್ತುವರಿದು, ಗಂಡನ ಹೆಸರು ಸೇರಿಸಿ ಒಡಪು ಹೇಳೆಂದು ಪೀಡಿಸುತ್ತಿದ್ದರು. ಅವಳು ಅರ್ಧ ಹೇಳಿ, ಮುಂದಿನದು ಮರೆತು, ತಲೆ ಹಿಂದಕ್ಕೆ ಹಾಕಿ ಅಂಗಳವೆಲ್ಲ ಕೇಳುವಂತೆ ನಕ್ಕುಬಿಟ್ಟಳು.

ಭಾವ ನನ್ನ ಕಡೆ ಬಾಗಿದರು. "ಮಾಸ್ತರ, ಇಕಿ ಹಿಂಗ ನಗ್ತಾಳೇನೋ?"

"ಸಣ್ಣಾಕಿ ಇದ್ದಾಗಿಂದ ಹಿಂಗರಿ. ನಮ್ಮ ಮನೀಗೆ ಬಂದಾಗೆಲ್ಲ ಹಿಂಗೇ ನಗತಿದ್ಲು."

ಭಾವ ಕುರ್ಚಿಯನ್ನು ಮಗಳ ಹತ್ತಿರಕ್ಕೆ ಎಳೆದುಕೊಂಡು ಕೂತರು.