ಎಲ್ಲಾರೂ ರೆಡಿ, ಹೊಂಡೋರು ಯಾರೂ ಇಲ್ಲ

ನಾನು ಮೊದಲ ಸಲ ಊರು ಬಿಟ್ಟದ್ದು ಒಂದು ಸೋಮವಾರ, ಏಳನೇ ಇಯತ್ತೆಯ ಗಣಿತ ಪರೀಕ್ಷೆಯ ದಿನ. ಬಾಗಿಲಲ್ಲಿ ನಿಂತ ಮಾಸ್ತರರು "ರೆಡಿ ಏನಲೇ?" ಅಂದರು. "ರೆಡಿ ರೀ ಸರ" ಅಂದವನೇ ಸಾಲಿಯ ಹಿಂದಿನ ಗೋಡೆ ಹಾರಿ ಸೊಲ್ಲಾಪುರದ ಲಾರಿ ಹತ್ತಿದೆ. ನನಗೆ ಬರುವ ಇಂಗ್ಲಿಷ್ ಇವತ್ತಿಗೂ ಅದೊಂದೇ ಶಬ್ದ. ನಮ್ಮ ಕಡೆ ಅಷ್ಟಿದ್ದರೆ ಸಾಕು. ಕೆಟ್ಟ ಪಂಪು ರಿಪೇರಿ ಆದರೂ ರೆಡಿ, ಒಲೆಯ ಮೇಲಿನ ಚಹಾ ಕುದ್ದರೂ ರೆಡಿ, ಜಗಳಕ್ಕೆ ತೋಳೇರಿಸಿದರೂ ರೆಡಿ. ಆದರೆ ಯಾರ ರೆಡಿ ಎಷ್ಟು ರೆಡಿ ಅನ್ನೋದನ್ನು ಹೋಗಿಯೇ ನೋಡಬೇಕು.

ಹೋದ ವರ್ಷ ಬಬಲೇಶ್ವರದ ಅಕ್ಕ ಫೋನ್ ಮಾಡಿದಳು. "ಐತವಾರ ಹನ್ನೊಂದಕ್ಕ ತಿಕೋಟಾದಾಗ ನಿನಗ ಕನ್ಯಾ ನೋಡೋದೈತಿ. ಈ ಸಲನೂ ಕೈಕೊಟ್ಟಿ ಅಂದ್ರ ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ." ನನಗೂ ನಲವತ್ತು ಹತ್ತಿರ ಬಂದಿತ್ತು. ಏನಾದರಾಗಲಿ, ಹನ್ನೊಂದಕ್ಕೆ ಅಲ್ಲಿರಲೇಬೇಕು ಅಂತ ಹಟ ತೊಟ್ಟೆ.

೧. ಅಂಗಿ

ಶನಿವಾರ ವಿಜಯಪುರದ ಗಾಂಧಿ ಚೌಕದ ಸಂದಿಯ ಟೇಲರನನ್ನು ಕೇಳಿದೆ, "ಮಾಮಾ, ಅಂಗಿ ರೆಡಿ?"

"ಮುಂಜಾನೇನ ರೆಡಿ ಆಗೇತಿ" ಅಂತ ಒಳಗಿಂದ ತಂದುಕೊಟ್ಟ. ಒಂದು ತೋಳು. ಬಟ್ಟೆಗೆ ಕತ್ತರಿ ಬಿತ್ತೆಂದರೆ ಅವನ ಪಾಲಿಗೆ ರೆಡಿ.

"ತೋಳಿಲ್ಲದ ಅಂಗಿ ನೋಡೀನಿ ಮಾಮಾ, ಅಂಗಿ ಇಲ್ಲದ ತೋಳು ಇದ ಮೊದಲು."

"ಸೋಮವಾರ ಬಾ."

ನಾನು ಕದಲಲಿಲ್ಲ. ಗಿರಾಕಿ ಕೂಡುವ ಸ್ಟೂಲು ಹಿಡಿದು ಸಂಜಿತನಕ ಕೂತೆ. ಸೋತು ಹೊಲಿದ. ಗುಂಡಿ ಮಾತ್ರ ನನ್ನ ಕೈಲೇ ಹಚ್ಚಿಸಿದ. ಹಚ್ಚಿದ್ದನ್ನು ಜಗ್ಗಿ ನೋಡಿ ಅಂದ, "ಕೈ ಚಲೋ ಐತಿ ನಿಂದು. ಇನ್ನಾ ಆರು ಅಂಗಿ ಅದಾವ, ಹಚ್ಚೇ ಹೋಗಿಬಿಡು."

೨. ಜೀಪು

ಐತವಾರ ಒಂಬತ್ತಕ್ಕೇ ಜೀಪ್ ಸ್ಟ್ಯಾಂಡಿಗೆ ಹೋದೆ. "ತಿಕೋಟಾ ತಿಕೋಟಾ! ಗಾಡಿ ರೆಡಿ, ಒಂದ ಸೀಟು!" ಅಂತ ಡ್ರೈವರ್ ಒದರುತ್ತಿದ್ದ. ಜೀಪು ತುಂಬಿತ್ತು. ಹತ್ತಿದೆ. ಇನ್ನೊಬ್ಬ ಬಂದು ಹತ್ತಿದ, ಒಳಗಿದ್ದವನೊಬ್ಬ ಇಳಿದು ಚಹಾ ಕುಡಿಯಲು ಹೋದ. ಮತ್ತೊಬ್ಬ ಹತ್ತಿದ, ಮತ್ತೊಬ್ಬ ಇಳಿದ. ಆಗ ತಿಳಿಯಿತು, ಕೂತವರೆಲ್ಲ ಬೇರೆ ಜೀಪಿನ ಡ್ರೈವರುಗಳು. ತುಂಬಿದಂಗ ಕಾಣಲಿ ಅಂತ ಒಬ್ಬರ ಗಾಡಿಯಲ್ಲಿ ಒಬ್ಬರು ಕೂಡುವ ಪದ್ಧತಿ.

ಪಕ್ಕದ ಮುದುಕಿಯನ್ನು ಕೇಳಿದೆ, "ನೀನರ ಖರೇ ಪ್ಯಾಸೆಂಜರ್ ಏನಬೇ ಯವ್ವಾ?"

"ಇಲ್ಲೋ ಯಪ್ಪಾ, ಈ ಡ್ರೈವರನ ಅತ್ತಿ ನಾನು. ಮನ್ಯಾಗ ಕೂಡೋದು ಇಲ್ಲಿ ಕೂಡ್ತೀನಿ."

ಹತ್ತು ಗಂಟೆ. ನಾನೇ ಕೆಳಗಿಳಿದು "ರೆಡಿ, ಒಂದ ಸೀಟು!" ಅಂತ ಗಂಟಲು ಹರಿಯುವಂತೆ ಒದರಿದೆ. ಹತ್ತೇ ನಿಮಿಷದಲ್ಲಿ ಖರೇ ಜನ ತುಂಬಿತು, ನನ್ನ ಸೀಟೂ ಸೇರಿ. ತಿಕೋಟಾತನಕ ಹಿಂದಿನ ನಿಚ್ಚಣಿಕೆಗೆ ಜೋತುಬಿದ್ದು ಹೋದೆ.

೩. ಕನ್ಯಾ

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಮುಟ್ಟಿದೆ. ಅಕ್ಕ ಬಾಗಿಲಲ್ಲೇ ಹಿಡಿದು ಪಿಸುಗುಟ್ಟಿದಳು, "ಒಂದ ಕಡೆ ಕಾಯಂ ಕೂಡೋ ಹುಡುಗ ಅಂತ ಹೇಳೀನಿ. ಬಾಯಿ ಬಿಡಬ್ಯಾಡ."

ಹುಡುಗಿ ಚಹಾ ಕೊಟ್ಟು ಕೂತಳು. ಹಿರಿಯರೊಬ್ಬರು ರೂಢಿಯಂತೆ, "ಏನರ ಕೇಳೋದೈತೇನವ್ವಾ?" ಅಂದರು. ಇದಕ್ಕೆ ಹುಡುಗಿಯಾದವಳು ಇಲ್ಲ ಅಂತ ತಲೆ ಅಲ್ಲಾಡಿಸಿ ಒಳಗೆ ಹೋಗಬೇಕು. ಇವಳು ಹೋಗಲಿಲ್ಲ.

"ಇಲ್ಲಿತನಕ ಎಷ್ಟ ಊರಾಗ ಇದ್ರಿ?"

ಅಕ್ಕ ನನ್ನ ತೊಡೆ ಚಿವುಟಿದಳು. ಸುಳ್ಳು ಹೇಳಿ ಮದುವೆ ಆಗಬಾರದು ಅಂತ ಮನಸು ಗಟ್ಟಿ ಮಾಡಿದೆ. "ಹದಿನಾಲ್ಕು."

ಅಕ್ಕ ತಲೆ ಮೇಲೆ ಕೈ ಹೊತ್ತಳು. ಹುಡುಗಿಯ ಅಪ್ಪ ಎದ್ದೇ ನಿಂತ, "ಈ ಸಂಬಂಧ ಬ್ಯಾಡ!"

"ಬ್ಯಾಡಂದ್ರ ಹೆಂಗಪ್ಪಾ?" ಅಂದಳು ಹುಡುಗಿ. "ಹುಟ್ಟಿದಾಗಿಂದ ಇಲ್ಲೇ ಹತ್ರದ ಕನಮಡಿ ಊರು ಸೈತ ತೋರಿಸಿಲ್ಲ ನೀ ನನಗ. ನಾ ರೆಡಿ."

ಮದುವೆಯಾಗಿ ಎಂಟು ತಿಂಗಳು, ಇದು ಮೂರನೇ ಊರು. ಮತ್ತೆ ವಿಜಯಪುರಕ್ಕೇ ಬಂದಿದ್ದೆವು, ಈ ಖೋಲಿ ನನಗೆ ಭಾಳ ಹಿಡಿಸಿತ್ತು, ಇಲ್ಲೇ ನೆಲೆ ನಿಲ್ಲೋಣ ಅಂತಲೂ ಅನಿಸಿತ್ತು. ಈಗ ಚೀಲಕ್ಕೆ ಅರಿವೆ ತುರುಕುತ್ತಿದ್ದೇನೆ. ಹೊರಗೆ ಆಟೋ ಒದರುತ್ತಿದೆ, ಅದರೊಳಗಿಂದ ಆಕಿಯೂ.

"ರೆಡಿ ಏನ್ರಿ?"

"ಐದ ನಿಮಿಷ ತಡಿ ಮಾರಾಯ್ತಿ!"

"ನಾ ಮುಂದ ಹೋಗಿರ್ತೀನಿ. ನೀವು ಸಾವಕಾಶ ಮನಿ ಖಾಲಿ ಮಾಡ್ಕೊಂಡು ಬರ್ರಿ."